ಊರು ಬಿಡುವ ಮುಂಚೆ

2024ರ ಜನವರಿಯ ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ನಮ್ಮನೆಯವರು ಮಗಳ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆ ಹರಿದು ನನ್ನ ಮುಂದಿಟ್ಟರು. "ಯಾರಿಗೆ ಎಷ್ಟು ಕೊಡಬೇಕು, ಎಲ್ಲಾ ಬರಿ. ಒಂದನ್ನೂ ಮುಚ್ಚಿಡಬೇಡ" ಎಂದರು. ನಾನು ಬರೆಯುತ್ತಾ ಹೋದೆ. ಬ್ಯಾಂಕಿನಲ್ಲಿ ಚಿನ್ನದ ಮೇಲಿನ ಸಾಲ 80,000. ಮಹಿಳಾ ಗುಂಪಿನ ಸಾಲದಲ್ಲಿ ಉಳಿದದ್ದು 34,000. ಬೀಜ ಗೊಬ್ಬರದ ಅಂಗಡಿ 18,000. ಕಿರಾಣಿ ಅಂಗಡಿಯ ಉದ್ರಿ 11,400. ನನ್ನ ಅಣ್ಣನಿಂದ ತಂದ ಕೈಗಡ 25,000. ಓಣಿಯ ಒಬ್ಬ ಅಜ್ಜಿ ತನ್ನ ಸೀರೆಯ ಗಂಟಿನಿಂದ ಬಿಚ್ಚಿ ಕೊಟ್ಟದ್ದು 5,000. ಕೂಡಿಸಿದಾಗ 1,73,400 ರೂಪಾಯಿ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಮ್ಮದು ನವಲಗುಂದ ತಾಲೂಕಿನ ಮೊರಬ. ನಾಲ್ಕು ಎಕರೆ ಎರೆಹೊಲ ಇದೆ. ಮಳೆ ಬಂದರೆ ಹೆಸರು, ಕಡಲೆ, ಜೋಳಕ್ಕೆ ಕೊರತೆಯಿಲ್ಲ. ಬಾರದಿದ್ದರೆ ಅದೇ ನೆಲ ಕೈ ತೂರುವಷ್ಟು ಅಗಲ ಬಿರುಕು ಬಿಡುತ್ತದೆ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲೂಕುಗಳನ್ನು ಬರಪೀಡಿತವೆಂದು ಸರಕಾರ ಘೋಷಿಸಿದ ವರ್ಷ ನಮ್ಮ ಹೆಸರಿನ ಬೆಳೆಗೆ ಕಾಯಿಯೇ ಕಟ್ಟಲಿಲ್ಲ. ಅದೇ ಹೊತ್ತಿಗೆ ಮಂಗಳೂರು ಕಡೆಯ ಒಂದು ಶಾಲೆಯಲ್ಲಿ ಕನ್ನಡ ಮತ್ತು ದೀನಿಯಾತ್ ಎರಡನ್ನೂ ಕಲಿಸುವ ಶಿಕ್ಷಕಿ ಬೇಕಾಗಿದ್ದಾರೆ ಎಂಬ ಸುದ್ದಿ ಬಂತು. ಮದ್ರಸದ ಸನದು, ಬಿ.ಎ. ಪದವಿ ಎರಡೂ ಇದ್ದುದರಿಂದ ಕೆಲಸ ಸಿಕ್ಕಿತು. ಸಂಬಳ 16,000. ನಮ್ಮನೆಯವರಿಗೆ ಅದೇ ಶಾಲೆಯ ವಸತಿ ನಿಲಯದಲ್ಲಿ ಮೇಲ್ವಿಚಾರಣೆಯ ಕೆಲಸ, 11,000. ಜೂನ್ ಮೊದಲ ವಾರಕ್ಕೆ ಹಾಜರಾಗಬೇಕು. ಮೊರಬದಿಂದ ಅಲ್ಲಿಗೆ ಹೆಚ್ಚು ಕಡಿಮೆ ನಾನೂರು ಕಿಲೋಮೀಟರ್.

ಸಾಲ ಇರುವಾಗ ಊರು ಬಿಡುವುದು ನಮ್ಮ ಕಡೆ ಹೊಸದಲ್ಲ. ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಲು ಹೋದ ಕುಟುಂಬಗಳು ಎಲ್ಲ ಜಾತಿ ಧರ್ಮಗಳಲ್ಲೂ ಇವೆ. ಬಹಳ ಮಂದಿ ಹೇಳಿಯೇ ಹೋಗುತ್ತಾರೆ. ಕೆಲವರು ಮಾತ್ರ ರಾತ್ರಿ ಬಸ್ಸು ಹತ್ತುತ್ತಾರೆ, ಬೆಳಿಗ್ಗೆ ಸಾಲಗಾರ ಬಂದು ಮುದಿ ತಾಯಿಯ ಮುಂದೆ ನಿಲ್ಲುತ್ತಾನೆ. ನಮಗೂ ಒಬ್ಬ ಸಂಬಂಧಿಕರು ಅದೇ ಸಲಹೆ ಕೊಟ್ಟರು: "ಮೊದಲು ಹೋಗಿಬಿಡಿ, ದುಡಿದು ಆಮೇಲೆ ಕಳಿಸಿದರಾಯಿತು." ನಿಜ ಹೇಳುತ್ತೇನೆ, ಒಂದು ಕ್ಷಣ ನನಗೂ ಅದು ಸರಿ ಎನಿಸಿತ್ತು.

ಆದರೆ ಹಿಜ್ರಾದ ಪಾಠವನ್ನು ನಾನೇ ಎಷ್ಟೋ ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು. ಪ್ರವಾದಿವರ್ಯರು(ಸ) ಮಕ್ಕಾ ಬಿಟ್ಟು ಹೊರಟಾಗ ಜೀವಕ್ಕೇ ಅಪಾಯವಿತ್ತು. ಅಂತಹ ರಾತ್ರಿಯಲ್ಲೂ ತಮ್ಮ ಬಳಿ ಜನರು ಇಟ್ಟಿದ್ದ ಅಮಾನತ್ತುಗಳನ್ನು ಒಡೆಯರಿಗೆ ಮುಟ್ಟಿಸಲೆಂದು ಅಲಿಯವರನ್ನು(ರ) ಹಿಂದೆ ಬಿಟ್ಟು ಹೋದರು. ಆ ಒಡೆಯರಲ್ಲಿ ವಿರೋಧಿಗಳೂ ಇದ್ದರು. ಮಕ್ಕಳಿಗೆ ಈ ಘಟನೆ ಹೇಳುವಾಗ ಅಲಿಯವರ ಧೈರ್ಯವನ್ನೇ ಎತ್ತಿ ಹೇಳುತ್ತಿದ್ದೆ. ಲೆಕ್ಕದ ಹಾಳೆ ಮುಂದಿದ್ದ ಆ ರಾತ್ರಿ ಅಮಾನತ್ತಿನ ಭಾಗ ಬೇರೆಯೇ ಆಗಿ ಕೇಳಿಸಿತು. ನಮ್ಮ ಹಿಂದೆ ಯಾವ ಅಲಿಯೂ ಇರಲಿಲ್ಲ. ಅತ್ತೆಯವರೂ ನಮ್ಮ ಜೊತೆಗೇ ಹೊರಡುವವರಿದ್ದರು.

ಮರುದಿನ ಹೊಸ ಹಾಳೆಯಲ್ಲಿ ಹೋಗುವ ಖರ್ಚು ಬರೆದೆವು. ಸಾಮಾನು ಸಾಗಿಸಲು ಲಾರಿಯವರು ಹೋಗಿ ಬರುವ ಬಾಡಿಗೆ ಸೇರಿಸಿ 19,000 ಕೇಳಿದರು. ತಿಂಗಳಿಗೆ 7,000 ಬಾಡಿಗೆಯ ಮನೆಗೆ ಮುಂಗಡ 40,000. ಮಕ್ಕಳ ಪುಸ್ತಕ, ಸಮವಸ್ತ್ರಕ್ಕೆ 9,000. ಜೂನ್ ಸಂಬಳ ಕೈಗೆ ಬರುವುದು ಜುಲೈಯಲ್ಲಿ, ಅಲ್ಲಿವರೆಗೆ ಊಟ ತಿಂಡಿ ಬಾಡಿಗೆಗೆ 12,000. ಬಸ್ಸಿಗೆ ಒಂದು ಸಾವಿರ. ಶಕ್ತಿ ಯೋಜನೆಯಿಂದ ನಾನು, ಅತ್ತೆ, ಮಗಳು ಮೂವರಿಗೂ ಟಿಕೆಟ್ಟಿಲ್ಲ, ತಂದೆ ಮಗನಿಗಷ್ಟೇ. ಒಟ್ಟು 81,000.

ಇಷ್ಟು ದುಡ್ಡು ಸಾಮಾನಿಗೂ ಗೋಡೆಗೂ ಹೋದರೆ ಸಾಲಕ್ಕೆ ಏನು ಉಳಿಯುತ್ತದೆ? ಆದ್ದರಿಂದ ಮೊದಲು ಕತ್ತರಿ ಹಾಕಿದ್ದು ಲಾರಿಗೆ. ಕಬ್ಬಿಣದ ಕಪಾಟು, ಎರಡು ಮಂಚ, ದೊಡ್ಡ ಹಂಡೆ, ಕಾಳು ತುಂಬುವ ಡಬ್ಬಗಳನ್ನು ಊರಲ್ಲೇ ಮಾರಿದೆವು, 8,500 ಬಂತು. ಹುಬ್ಬಳ್ಳಿಯ ಅಮರಗೋಳ ಎ.ಪಿ.ಎಂ.ಸಿ.ಯಿಂದ ಮಂಗಳೂರಿಗೆ ಉಳ್ಳಾಗಡ್ಡಿ ಒಯ್ಯುವ ಲಾರಿಯೊಂದರಲ್ಲಿ ಮೂಲೆಯಷ್ಟು ಜಾಗ ಗೊತ್ತುಮಾಡಿದೆವು. ಅಲ್ಲಿವರೆಗೆ ಒಯ್ಯುವುದು, ಅತ್ತ ಇಳಿಸುವುದು ಸೇರಿ 9,000ದಲ್ಲಿ ಮುಗಿಯಿತು. ಆಮೇಲೆ ಒಂದು ತಿಂಗಳು ನಮ್ಮ ಹಾಸಿಗೆಯಲ್ಲಿ ಉಳ್ಳಾಗಡ್ಡಿ ವಾಸನೆ ಹೋಗಲಿಲ್ಲ, ಅದು ಬೇರೆ ಮಾತು. ಅತ್ತೆಯವರು ಕಪಾಟು ಬಿಟ್ಟುಕೊಟ್ಟರು, ಆದರೆ ತಮ್ಮ ನವಲಗುಂದ ಜಮಖಾನ ಬಿಡಲಿಲ್ಲ. ನಮ್ಮ ಹೆಣ್ಣುಮಕ್ಕಳು ಮನೆಯೊಳಗೆ ಕುಳಿತು ನೇಯ್ದು ಹೆಸರಾದ ಜಮಖಾನ ಅದು, ಈಗ ಅದಕ್ಕೆ ಭೌಗೋಳಿಕ ಮಾನ್ಯತೆಯೂ ಇದೆ. ಬಿಡಿ ಎನ್ನಲು ನನಗೂ ಮನಸ್ಸಾಗಲಿಲ್ಲ.

ಮನೆಯ ಮಾಲಕಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಬ್ಯಾರಿ ಮಹಿಳೆ, ನನ್ನ ಧಾರವಾಡ ಕನ್ನಡ ಅವರಿಗೆ ಅರ್ಧ ಅರ್ಥವಾಗಿರಬೇಕು. 20,000 ಮೊದಲು, ಉಳಿದದ್ದು ತಿಂಗಳಿಗೆ ಐದು ಸಾವಿರದಂತೆ ನಾಲ್ಕು ಕಂತು ಎಂದು ಒಪ್ಪಿದರು. ಕೇಳುವ ಮುನ್ನ ನಾನು ಎರಡು ದಿನ ನಾಚಿಕೊಂಡು ಕುಳಿತಿದ್ದೆ. ಹೀಗೆ 81,000 ಇದ್ದದ್ದು 51,000ಕ್ಕೆ ಇಳಿಯಿತು.

ಇನ್ನು ಬರುವ ಹಣ. ಹಿಂಗಾರಿನ ಕಡಲೆ ಅಷ್ಟೋ ಇಷ್ಟೋ ಬಂದು, ಖರ್ಚು ಕಳೆದು 28,000 ಉಳಿದಿತ್ತು. ಎಮ್ಮೆ ಮಾರಿದ್ದು 52,000. ಹೊಲವನ್ನು ಒಂದು ವರ್ಷಕ್ಕೆ ಲಾವಣಿಗೆ ಕೊಟ್ಟು ಎಕರೆಗೆ ಹತ್ತು ಸಾವಿರದಂತೆ 40,000. ಸಾಮಾನು ಮಾರಿದ್ದೂ ಸೇರಿ 1,28,500. ಇದರಲ್ಲಿ 51,000 ತೆಗೆದರೆ 77,500. ಸಾಲವೋ ಒಂದೂ ಮುಕ್ಕಾಲು ಲಕ್ಷದ ಹತ್ತಿರ.

ಬ್ಯಾಂಕಿನಲ್ಲಿದ್ದ ಚಿನ್ನ 28 ಗ್ರಾಂ. ಅದರಲ್ಲಿ 16 ಗ್ರಾಮಿನ ಎರಡು ಬಳೆ ನನ್ನ ಮಹರ್, ಉಳಿದದ್ದು ತಾಯಿ ಕೊಟ್ಟ ಸರ. ಬಳೆ ಮಾರಿದರೆ ಚಿನ್ನದ ಸಾಲ ಪೂರ್ತಿ ತೀರುತ್ತದೆ, ಸರ ಮನೆಗೆ ಬರುತ್ತದೆ, ಬಡ್ಡಿಯ ಪಾಪದಿಂದಲೂ ಹೊರಬರಬಹುದು ಎಂದು ನಾನು ಹೇಳಿದಾಗ ನಮ್ಮನೆಯವರ ಮುಖ ಕಪ್ಪಿಟ್ಟಿತು. "ನಿನ್ನ ಮಹರ್ ಮಾರಿ ನಾನು ಊರು ಬಿಡಬೇಕಾ?" ಎಂದು ಎದ್ದು ಹೊರಗೆ ಹೋದರು. ಎರಡು ದಿನ ಆ ವಿಷಯ ಎತ್ತಲಿಲ್ಲ.

ಸಹೋದರಿಯರೇ, ಮಹರ್ ಸ್ತ್ರೀಯ ಸ್ವಂತ ಸೊತ್ತು ಎಂದು ನಾವು ಭಾಷಣದಲ್ಲಿ ಕೇಳುತ್ತೇವೆ. ಆದರೆ ಮನೆಗೆ ಕಷ್ಟ ಬಂದಾಗ ಮೊದಲು ಹೋಗುವುದೂ ಅದೇ, ಮರಳಿ ಬರದಿರುವುದೂ ಅದೇ. ಕೊಟ್ಟವಳು ಕೇಳುವುದಿಲ್ಲ, ಪಡೆದವರಿಗೆ ನೆನಪಿರುವುದಿಲ್ಲ. ಖುಷಿಯಿಂದ ಬಿಟ್ಟುಕೊಟ್ಟರೆ ಅದು ಅವಳ ದೊಡ್ಡತನ, ತಕರಾರಿಲ್ಲ. ನಾನು ಅಷ್ಟು ದೊಡ್ಡವಳಲ್ಲ. ಮೂರನೆಯ ದಿನ ಅವರಿಗೆ ಹೇಳಿದೆ: "ದಾನ ಕೊಡುತ್ತಿಲ್ಲ, ಕರ್ಝ್ ಕೊಡುತ್ತೇನೆ. ಬರೆದು ಕೊಡಿ." ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್ ಬಕರಃದ 282ನೆಯದು, ಸಾಲವನ್ನು ಬರೆದಿಡುವ ಕುರಿತೇ ಇದೆ. ಸಾಲ ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬಾರದು ಎಂದು ಅಲ್ಲಿ ಕಲಿಸಲಾಗಿದೆ. ಗಂಡ ಹೆಂಡತಿಯ ನಡುವೆ ಅದು ಬೇಡ ಎಂದು ಎಲ್ಲೂ ಹೇಳಿಲ್ಲವಲ್ಲ! ಅವರು ನಕ್ಕರು. ಆ ನಗೆಯಿಂದಲೇ ಮಾತು ಮುಂದುವರಿಯಿತು.

ಅಡವಿಟ್ಟ ಚಿನ್ನ ಮಾರಬೇಕಾದರೆ ಮೊದಲು ಬಿಡಿಸಬೇಕು. ಎಮ್ಮೆ, ಲಾವಣಿಯ ದುಡ್ಡಿನಲ್ಲಿ ಅಸಲು ಬಡ್ಡಿ ಸೇರಿ 87,300 ಕಟ್ಟಿ ಬಿಡಿಸಿದೆವು. ಅದೇ ಮಧ್ಯಾಹ್ನ ಹುಬ್ಬಳ್ಳಿಯ ಸರಾಫರ ಅಂಗಡಿಯಲ್ಲಿ ಬಳೆ ತೂಗಿಸಿದೆವು. ಮೂರು ಅಂಗಡಿ ಕೇಳಿದೆವು, ಮೂರು ಕಡೆಯೂ ಸವಕಳಿಯ ಲೆಕ್ಕ ಬೇರೆ ಬೇರೆ. ಸಿಕ್ಕಿದ್ದು 1,00,200. ಹೊಲಕ್ಕೆ, ಬಾವಿಗೆ, ಮದುವೆಗೆ ಎಂದು ಎಷ್ಟು ಹೆಂಗಸರು ಆ ಕಟ್ಟೆಯ ಮೇಲೆ ನನ್ನ ಹಾಗೆ ಕುಳಿತಿರಬೇಕು ಎಂದುಕೊಂಡೆ. ಬಸ್ಸಿನಲ್ಲಿ ಬರುವಾಗ ಬರಿಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡದ್ದು ನೆನಪಿದೆ. ಬಳೆ ಬ್ಯಾಂಕಿನಲ್ಲಿದ್ದ ಆ ಒಂದು ವರ್ಷವೂ ಕೈ ಬರಿದೇ ಇತ್ತು, ಆ ದಿನ ಮಾತ್ರ ಬೇರೆ ಅನಿಸಿತು.

ಈಗ ಕೈಯಲ್ಲಿ 1,41,400. ಪ್ರಯಾಣದ 51,000ವನ್ನು ಬೇರೆ ಲಕೋಟೆಯಲ್ಲಿಟ್ಟು ಉಳಿದದ್ದಕ್ಕೆ ಕೈ ಹಚ್ಚಿದೆವು. ಅಜ್ಜಿಯ ಐದು ಸಾವಿರ ಮೊದಲು. ಅವಳು ಎಣಿಸಲೂ ಇಲ್ಲ, "ಹೋಗ್ತಿಯೇನs ತಂಗೀ" ಎಂದು ಅತ್ತಳು. ಕಿರಾಣಿ ಅಂಗಡಿಯವರು ಉದ್ರಿ ಪುಸ್ತಕದಲ್ಲಿ ಅಡ್ಡಗೆರೆ ಎಳೆದು, "ಅಕ್ಕೋರs, ನೀವು ಹೇಳಿ ಹೊಂಟ್ರಲ್ಲಾ, ಅಷ್ಟs ಸಾಕ್ರಿ" ಎಂದರು. ಒಂದು ಕಿಲೋ ಬೆಲ್ಲ ಕಟ್ಟಿ ಕೊಟ್ಟರು.

ಗುಂಪಿನ ಸಾಲ ಅಷ್ಟು ಸುಲಭವಾಗಲಿಲ್ಲ. ಬಡ್ಡಿ ನಿಷಿದ್ಧವೆಂದು ಕಲಿಸುವವಳೇ ಬಡ್ಡಿ ಸಾಲ ತೆಗೆದಿದ್ದೆ. ಅತ್ತೆಯವರ ಆಪರೇಶನ್ ವೇಳೆ ಬೇರೆ ದಾರಿ ಕಾಣಲಿಲ್ಲ ಎನ್ನುವುದು ಕಾರಣವೇ ಹೊರತು ಸಮರ್ಥನೆಯಲ್ಲ. ಹತ್ತು ಜನರ ಗುಂಪು, ಒಬ್ಬಳು ಊರು ಬಿಟ್ಟರೆ ಕಂತು ಕೇಳಲು ಉಳಿದ ಒಂಬತ್ತು ಮಂದಿಯ ಬಾಗಿಲಿಗೆ ಬರುತ್ತಾರೆ. ಆದ್ದರಿಂದ ತೀರಿಸಿಯೇ ಹೋಗಬೇಕಿತ್ತು. ವಸೂಲಿಗೆ ಬರುವ ಹುಡುಗ ಮುಂದಿನ ತಿಂಗಳುಗಳ ಬಡ್ಡಿಯನ್ನೂ ಸೇರಿಸಿ 39,000 ಎಂದ. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮದಂತೆ ಕಿರುಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಒಂದು ಕುಟುಂಬದ ಎಲ್ಲ ಸಾಲದ ಕಂತು ಅದರ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಸಾಲ ಕೊಡುವಂತೆಯೂ ಇಲ್ಲ. ಇದನ್ನು ನಾನು ಓದಿದ್ದೆ. ಶಾಖೆಗೆ ಹೋಗಿ ಕುಳಿತೆವು. ಮೂರು ತಾಸು ಕಾಯಿಸಿದರು, ಕೊನೆಗೆ 34,000ಕ್ಕೆ ಮುಗಿಸಿ, ಸಾಲ ಬಾಕಿಯಿಲ್ಲವೆಂಬ ಪತ್ರ ಕೊಟ್ಟರು. ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದದ್ದು ಆಮೇಲೆ, 2025ರ ಫೆಬ್ರವರಿಯಲ್ಲಿ. ಬಾಕಿಯಿಲ್ಲವೆಂಬ ಪತ್ರವನ್ನು ಮಾತ್ರ ಯಾರೂ ಕೇಳದೆ ಬಿಡಬೇಡಿ.

ಬೀಜದ ಅಂಗಡಿಗೂ ಕೊಟ್ಟ ಮೇಲೆ 22,000 ಉಳಿಯಿತು. ಅಣ್ಣನಿಗೆ ಹತ್ತು ಸಾವಿರ, ಉಳಿದ 15,000 ತಿಂಗಳಿಗೆ 1,500ರಂತೆ ಎಂದು ಮಾತಾಯಿತು. ಕೈಯಲ್ಲಿ 12,000 ಇಟ್ಟುಕೊಂಡು ಮೇ ಕೊನೆಯ ವಾರ ಹೊರಟೆವು. ಮಳೆ ಹಿಡಿಯುವ ಮೊದಲೇ ಘಟ್ಟ ಇಳಿಯಬೇಕೆಂಬ ಹಠ ನಮ್ಮನೆಯವರದು. ಅದೇ ಜುಲೈಯಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಸುದ್ದಿ ಕೇಳಿ ಅತ್ತೆಯವರು ಎರಡು ರಕಅತ್ ನಫಿಲ್ ನಮಾಝ್ ಮಾಡಿದರು.

ಇಷ್ಟೆಲ್ಲ ಲೆಕ್ಕ ಹಾಕಿದವಳು ಕೊಡೆಯನ್ನೇ ಮರೆತಿದ್ದೆ! ಮೊರಬದಲ್ಲಿ ಇಡೀ ಮನೆಗೆ ಒಂದು ಕೊಡೆ ಇತ್ತು, ಅದೂ ಬಿಸಿಲಿಗೆ. ಇಲ್ಲಿ ಐದು ಕೊಡೆ, ಮಕ್ಕಳಿಗೆ ರೈನ್‌ಕೋಟು, ಒಣಗದ ಬಟ್ಟೆಗೆ ಬದಲಿ ಬಟ್ಟೆ ಎಂದು ಮೂರು ಸಾವಿರ ಹೋಯಿತು. ಜೋಳದ ಹಿಟ್ಟಿಗೆ ಊರಿನ ಒಂದೂವರೆ ಪಟ್ಟು ದರ. ಪಡಿತರ ಚೀಟಿ ಇಲ್ಲಿಯ ಅಂಗಡಿಯಲ್ಲೂ ಹೆಬ್ಬೆಟ್ಟೊತ್ತಿದರೆ ನಡೆಯುತ್ತದೆಂದು ಗೊತ್ತಾದದ್ದು ಎರಡನೆಯ ತಿಂಗಳು. ಕುಚ್ಚಲಕ್ಕಿ ಗಂಜಿಗೆ ಮಕ್ಕಳು ಬೇಗ ಒಗ್ಗಿದರು, ಅತ್ತೆಯವರು ಇಂದಿಗೂ ರೊಟ್ಟಿಯೇ. ಗೃಹಲಕ್ಷ್ಮಿಯ ಎರಡು ಸಾವಿರ ಅವರ ಖಾತೆಗೆ ಬರುತ್ತದೆ. ಬಂದ ತಿಂಗಳು ಅದರಲ್ಲಿ ತಮ್ಮ ಔಷಧಿ ತಾವೇ ತರಿಸಿಕೊಳ್ಳುತ್ತಾರೆ, ನಾವು ಕೈ ಹಚ್ಚುವುದಿಲ್ಲ. ಮೊದಲ ನಾಲ್ಕು ತಿಂಗಳು 27,000 ಸಂಬಳದಲ್ಲಿ ಬಾಡಿಗೆ, ಮುಂಗಡದ ಕಂತು, ಅಣ್ಣನ ಕಂತು ಸೇರಿ 13,500 ಹೋಗುತ್ತಿತ್ತು. ಮೀನಿನ ಊರಿಗೆ ಬಂದು ವಾರಕ್ಕೊಮ್ಮೆ ಬಂಗುಡೆ ತಂದರೂ ತಲೆಗೊಂದರಂತೆ ಎಣಿಸಿ ತಂದೆವು.

2025ರ ಏಪ್ರಿಲ್‌ನಲ್ಲಿ ಅಣ್ಣನ ಕೊನೆಯ ಕಂತು ಮುಗಿಯಿತು. ಮೇ ತಿಂಗಳ ಮೊದಲ ವಾರ ನಮ್ಮನೆಯವರು 1,500 ರೂಪಾಯಿ ನನ್ನ ಕೈಗಿಟ್ಟು, "ಚೀಟಿ ತೆಗಿ, ಬರಿ" ಎಂದರು. ತೆಗೆದೆ. ಕೊಟ್ಟದ್ದು 1,00,200, ಬಾಕಿ 98,700 ಎಂದು ಬರೆದೆ. ಪಕ್ಕದಲ್ಲಿ ತಸ್ಬೀಹ್ ಎಣಿಸುತ್ತಿದ್ದ ಅತ್ತೆಯವರು ಆ ಚೀಟಿಯ ಸಾಕ್ಷಿಗಳಲ್ಲಿ ಒಬ್ಬರು. ಚಿನ್ನ ಗ್ರಾಮಿಗೆ ಎಂಟೂವರೆ ಸಾವಿರ ದಾಟಿದ್ದು ಅವರಿಗೂ ಗೊತ್ತಿತ್ತು.

"ರೂಪಾಯಿ ಯಾಕೆ ಬರೆದೆ? ಗ್ರಾಂ ಬರೆಯಬೇಕಿತ್ತು" ಎಂದರು.

ಬಳೆ ಮಾರಿದವಳು ನಾನು, ಕೊಟ್ಟದ್ದು ರೂಪಾಯಿ, ಕೊಟ್ಟದ್ದನ್ನೇ ಮರಳಿ ಪಡೆಯಬೇಕು ಎಂದು ಫಿಕ್ಹ್ ವಿವರಿಸಿದೆ. ಅವರು ಒಪ್ಪಿದಂತೆ ಕಾಣಲಿಲ್ಲ. ಮಗನ ಕಡೆ ತಿರುಗಿ, "ಅವಳು ಓದಿದವಳು, ಅವಳ ಲೆಕ್ಕ ಅವಳಿಗಿರಲಿ. ನೀನು ಬಳೆ ಮಾಡಿಸು" ಎಂದು ಮತ್ತೆ ತಸ್ಬೀಹ್ ಕೈಗೆತ್ತಿಕೊಂಡರು.