ಅಜ್ಜಿಯ ಬಾಲಚುಕ್ಕಿ ಮತ್ತು ಶಿವಗಂಗೆಯ ಒಂದು ರಾತ್ರಿ

ನಮ್ಮ ಅಜ್ಜಿಗೆ ಹುಟ್ಟಿದ ತಾರೀಖು ಗೊತ್ತಿರಲಿಲ್ಲ. ಯಾರಾದರೂ ವಯಸ್ಸು ಕೇಳಿದರೆ, "ಬಾಲಚುಕ್ಕಿ ಬಂದಾಗ ನನಗೆ ಎಂಟು ತುಂಬಿತ್ತು, ಮುಂದಿನ ಲೆಕ್ಕ ನೀವೇ ಹಾಕ್ಕೊಳ್ಳಿ" ಎನ್ನುತ್ತಿದ್ದಳು. ಬಾಲಚುಕ್ಕಿ ಎಂದರೆ ಹ್ಯಾಲಿ ಧೂಮಕೇತು. ಅದು ಬಂದದ್ದು 1910ರಲ್ಲಿ. ಆ ಮೇ ತಿಂಗಳ ಬೆಳಗಿನ ಜಾವದಲ್ಲಿ ಅವಳ ಅಪ್ಪ ಮನೆಮಂದಿಯನ್ನೆಲ್ಲ ಎಬ್ಬಿಸಿ ಕಣದ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದ್ದರಂತೆ. ಪ್ರಳಯವೇ ಆಗುತ್ತದೆ ಎಂದು ಊರಲ್ಲಿ ಮಾತು ಹಬ್ಬಿತ್ತಂತೆ. ಅಜ್ಜಿಗೆ ಮಾತ್ರ ಒಂದಿಷ್ಟೂ ಹೆದರಿಕೆ ಆಗಲಿಲ್ಲ. "ಆಕಾಶಕ್ಕೆ ಯಾರೋ ಬಿಳೀ ಸೆರಗು ಹಾಸಿದ ಹಾಗಿತ್ತು ಕಣೋ" ಎಂದು ಎರಡೂ ಕೈ ಅಗಲಿಸಿ ತೋರಿಸುತ್ತಿದ್ದಳು. ನಾನು ಬೆಳೆದದ್ದೇ ಆ ಸೆರಗಿನ ಕತೆ ಕೇಳಿಕೊಂಡು.

ಸುಮಾರು 76 ವರ್ಷಕ್ಕೊಮ್ಮೆ ಬರುವ ಆ ಧೂಮಕೇತು ಮತ್ತೆ ಬಂದದ್ದು 1986ರಲ್ಲಿ. ಆಗ ನನಗೆ 35, ಬೆಂಗಳೂರಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಅಜ್ಜಿಗೆ 84. ಎರಡನೇ ಸಲ ನೋಡುವ ಯೋಗ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ! ಆದರೆ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಎಂದರೆ ಭಯ. ಎದುರಿಗೆ ಕೂತವರ ಮುಖವೇ ಮಸುಕು. ಇನ್ನು ನಮ್ಮ ಬೀದಿಯ ದೀಪಗಳ ನಡುವೆ ಕಣ್ಣಿದ್ದವರಿಗೂ ಏನೂ ಕಾಣುತ್ತಿರಲಿಲ್ಲ. ಕಡೆಗೆ ಒಂದು ದಿನ ಅವಳೇ ಹೇಳಿದಳು: "ಎಲ್ಲಾದರೂ ಕತ್ತಲೆ ಇರೋ ಕಡೆ ಹೋಗಿ ನನ್ನ ಪರವಾಗಿ ನೋಡಿಕೊಂಡು ಬಾ."

ಕತ್ತಲೆ ಇರುವ ಕಡೆ ಎಲ್ಲಿ? ನಮ್ಮ ಶಾಖೆಯ ಅಟೆಂಡರ್ ದಾಬಸ್‌ಪೇಟೆ ಕಡೆಯವನು. "ಶಿವಗಂಗೆ ಬೆಟ್ಟ ಇದೆಯಲ್ಲ ಸಾರ್" ಎಂದ. ಕ್ಯಾಷಿಯರ್ ತಾನೂ ಬರುತ್ತೇನೆ ಎಂದರು. ಅವರ ಭಾವನ ಹತ್ತಿರ ಒಂದು ದುರ್ಬೀನು ಇತ್ತು, ಅದೇ ಅವರ ಅರ್ಹತೆ. ಮಾರ್ಚ್ 15, ಶನಿವಾರ. ಆಗ ಬ್ಯಾಂಕಿಗೆ ಅರ್ಧ ದಿನ. ಲೆಕ್ಕ ಮುಗಿಸಿ, ಪುಳಿಯೋಗರೆ, ಚಪಾತಿ, ಚಟ್ನಿಪುಡಿ, ಮೂರು ಕಂಬಳಿ ಕಟ್ಟಿಕೊಂಡು ತುಮಕೂರು ರಸ್ತೆಯ ಬಸ್ಸು ಹತ್ತಿದೆವು.

ಶಿವಗಂಗೆ ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್. ಸಮುದ್ರಮಟ್ಟದಿಂದ 4,500 ಅಡಿ ಎತ್ತರ. ಒಂದೊಂದು ದಿಕ್ಕಿನಿಂದ ನೋಡಿದರೆ ಒಂದೊಂದು ರೂಪ: ಪೂರ್ವದಿಂದ ಬಸವ, ಪಶ್ಚಿಮದಿಂದ ಗಣಪ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಹಾವು. ನನಗೆ ಬಸ್ಸಿನ ಕಿಟಕಿಯಿಂದ ಬರೀ ಬಂಡೆ ಕಂಡಿತು, ಅಟೆಂಡರ್‌ಗೆ ನಾಲ್ಕೂ ಕಂಡವು. ಬಂಡೆಯೇನು ಸಾಮಾನ್ಯದ್ದಲ್ಲ. ರಾಮನಗರ, ಸಾವನದುರ್ಗ, ಶಿವಗಂಗೆ, ಮಧುಗಿರಿ ಎಲ್ಲ ಒಂದೇ ಗ್ರಾನೈಟ್ ಪಟ್ಟಿಗೆ ಸೇರಿದವು. ಭೂಮಿಯೊಳಗೆ ಕರಗಿದ ಕಲ್ಲು ನಿಧಾನವಾಗಿ ಆರಿ ಗಟ್ಟಿಯಾಗಿ ಸುಮಾರು 250 ಕೋಟಿ ವರ್ಷ ಆಯಿತು. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ, ಅದರಿಂದಲೇ ಇದಕ್ಕೆ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ.

ಕೆಳಗೆ ಗಂಗಾಧರೇಶ್ವರನಿಗೆ ಕೈಮುಗಿದೆವು. ಇಲ್ಲಿ ಲಿಂಗದ ಮೇಲೆ ತುಪ್ಪ ಸವರಿದರೆ ಬೆಣ್ಣೆಯಾಗುತ್ತದೆ ಎಂಬುದು ಪ್ರಸಿದ್ಧಿ. ದೇವಸ್ಥಾನದ ಹತ್ತಿರ ಇದ್ದ ಹಿರಿಯರೊಬ್ಬರಿಗೆ ವಿಷಯ ಹೇಳಿದೆವು. "ಚುಕ್ಕಿ ನೋಡಕ್ಕೆ ಬೆಟ್ಟ ಹತ್ತಬೇಕಾ?" ಎಂದು ನಕ್ಕರು, ಆದರೂ "ಕಂಬಿ ಬಿಡಬೇಡಿ" ಎಂದು ಎಚ್ಚರಿಸಿ ಕಳಿಸಿದರು. ಮಕ್ಕಳೇ, ಅದು 39 ವರ್ಷದ ಹಿಂದಿನ ಮಾತು. ಈಗ ನೀವು ಯಾವ ಬೆಟ್ಟವನ್ನೇ ಆಗಲಿ ರಾತ್ರಿ ಹತ್ತುವುದಾದರೆ ಮೊದಲು ಅನುಮತಿ ವಿಚಾರಿಸಿ, ದೊಡ್ಡವರ ಜೊತೆಯಲ್ಲೇ ಹೋಗಿ.

ಮೊದಲರ್ಧ ಸಲೀಸು. ಐದು ದಿನದ ಚಂದ್ರ ಇದ್ದ, ಬೆಳಕು ಸಾಕಾಗಿತ್ತು. ಆಮೇಲೆ ಬಂಡೆ ನೆಟ್ಟಗಾಗುತ್ತದೆ. ಕಲ್ಲಿನಲ್ಲೇ ಕೊರೆದ ಮೆಟ್ಟಿಲು, ಕೆಲವು ಕಡೆ ಅರ್ಧ ಪಾದ ಮಾತ್ರ ಹಿಡಿಸುವಷ್ಟು. ಅಂಥ ಕಡೆಯಲ್ಲೇ ಕ್ಯಾಷಿಯರ್ ಕೈಯಿಂದ ಬ್ಯಾಟರಿ ಜಾರಿತು. ಟಣ್ ಟಣ್ ಎಂದು ಉರುಳುತ್ತಾ, ಹೊತ್ತಿಕೊಂಡೇ ಕೆಳಗೆ ಹೋಗಿ ಎಲ್ಲೋ ಆರಿತು. ಆ ಸದ್ದು ನಿಲ್ಲಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದಲೇ ನಾವು ಎಷ್ಟು ಎತ್ತರದಲ್ಲಿದ್ದೇವೆಂದು ಮೂವರಿಗೂ ಗೊತ್ತಾಯಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನನ್ನ ಕಾಲು ನಡುಗಿದ್ದು ನಿಜ. ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳು, ಇದೆಲ್ಲ ಬೇಕಿತ್ತೇ ಎನಿಸಿತು. ಅಟೆಂಡರ್ ಮಾತ್ರ ಚಪ್ಪಲಿ ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಬರಿಗಾಲಲ್ಲಿ ಬನ್ನಿ ಸಾರ್, ಕಲ್ಲು ಹಿಡ್ಕೊಳ್ಳುತ್ತೆ" ಎಂದ. ಅವನ ಹಿಂದೆ, ಅವನು ಕಾಲಿಟ್ಟಲ್ಲೇ ಕಾಲಿಡುತ್ತಾ ಹೋದೆವು. ಶಾಖೆಯಲ್ಲಿ ಅವನಿಗೆ ದಿನಕ್ಕೆ ಹತ್ತು ಸಲ ಕೆಲಸ ಹೇಳುತ್ತಿದ್ದವರು ನಾವು.

ತುದಿ ಹತ್ತಿರ ಬಂಡೆಯಲ್ಲೇ ಕಡೆದ ದೊಡ್ಡ ನಂದಿ ಇದೆ. ಅದರಾಚೆ ಶಾಂತಲೆಯ ಹೆಸರಿನ ಪ್ರಪಾತ. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಎಂದು ಶಾಸನ ಹೇಳುತ್ತದೆ. ಇಲ್ಲಿಂದಲೇ ಧುಮುಕಿದಳು ಎಂಬುದು ಜನ ಹೇಳುವ ಕತೆ. ನಾವು ಆ ಕಡೆ ಸುಳಿಯಲಿಲ್ಲ.

ಹತ್ತೂವರೆ ಸುಮಾರಿಗೆ ಚಂದ್ರ ಮುಳುಗಿದ. ಕಂಬಳಿ ಹಾಸಿ ಅಂಗಾತ ಮಲಗಿದೆವು. ಬಂಡೆ ಹಗಲಿನ ಬಿಸಿಲನ್ನು ಇನ್ನೂ ಬಿಟ್ಟಿರಲಿಲ್ಲ, ಬೆನ್ನಿಗೆ ಹಿತವಾಗಿತ್ತು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅದಕ್ಕೇ ಉಳಿದಿದ್ದ ಒಂದು ಬ್ಯಾಟರಿಯ ಗಾಜಿಗೆ ಕೆಂಪು ಕಾಗದ ಸುತ್ತಿದ್ದೆ. ಕೆಂಪು ಬೆಳಕು ಕಣ್ಣನ್ನು ಅಷ್ಟಾಗಿ ಕೆಡಿಸುವುದಿಲ್ಲ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಆಕಾಶ ಬೇರೆಯೇ ಆಯಿತು. ಉತ್ತರದಲ್ಲಿ ಸಪ್ತರ್ಷಿಗಳು, ವಸಿಷ್ಠರ ಪಕ್ಕ ಅರುಂಧತಿ. ಮದುವೆಯಲ್ಲಿ ಪುರೋಹಿತರು ತೋರಿಸಿದಾಗ ಕಾಣದಿದ್ದರೂ "ಕಂಡಿತು" ಎಂದಿದ್ದೆ. ನಿಜವಾಗಿ ಕಂಡದ್ದು ಆ ರಾತ್ರಿಯೇ. ಒಂದು ಗಂಟೆಗೆ ದಕ್ಷಿಣದಲ್ಲಿ ತಗ್ಗಿನಲ್ಲಿ ತ್ರಿಶಂಕು ಎದ್ದು ನಿಂತ. ಅಷ್ಟು ಹೊತ್ತಿಗೆ ಬಂಡೆ ತಣ್ಣಗಾಗಿ, ಗಾಳಿ ಬೀಸತೊಡಗಿ, ಮೂವರೂ ಒಂದೇ ಗಂಟಾಗಿ ಕೂತಿದ್ದೆವು.

ನಾಲ್ಕು ಗಂಟೆ ದಾಟಿತು. ದಕ್ಷಿಣದಲ್ಲಿ ವೃಶ್ಚಿಕ ಎತ್ತರಕ್ಕೆ ಬಂದಿತ್ತು, ಅದರ ಕೆಂಪು ಜ್ಯೇಷ್ಠಾ ನಕ್ಷತ್ರದ ಹತ್ತಿರ ಶನಿ. ಧೂಮಕೇತು ಅದಕ್ಕೂ ಎಡಕ್ಕೆ, ಆಗ್ನೇಯದಲ್ಲಿ ಇರಬೇಕು. ನೋಡಿದೆವು, ಏನೂ ಇಲ್ಲ. ಮತ್ತೆ ನೋಡಿದೆವು. ಕ್ಯಾಷಿಯರ್ ದುರ್ಬೀನು ಹಿಡಿದು ಬಹಳ ಹೊತ್ತು ಹುಡುಕಿ, "ಇಲ್ಲೊಂದು ಹತ್ತಿ ಚೂರು ಅಂಟಿಕೊಂಡಿದೆ ನೋಡ್ರೀ" ಎಂದರು. ಅದೇ! ಮಂಕಾದ ಒಂದು ಉಂಡೆ, ಅದರಿಂದ ಮೇಲಕ್ಕೆ ಹಬೆಯಂತೆ ಚಾಚಿದ ಬಾಲ. ಎಲ್ಲಿದೆ ಎಂದು ಗೊತ್ತಾದ ಮೇಲೆ ಬರಿಗಣ್ಣಿಗೂ ಸಿಕ್ಕಿತು. ಕೈ ನೀಡಿ ಅಳೆದೆ. ಎರಡು ಬೆರಳಗಲ.

ಇಷ್ಟೇನಾ? ಅಜ್ಜಿಯ ಸೆರಗೆಲ್ಲಿ, ಈ ಎರಡು ಬೆರಳೆಲ್ಲಿ? ಕಾರಣ ಆಮೇಲೆ ಓದಿ ತಿಳಿದೆ. 1910ರಲ್ಲಿ ಅದು ಭೂಮಿಗೆ ಸುಮಾರು ಎರಡೂಕಾಲು ಕೋಟಿ ಕಿಲೋಮೀಟರ್ ಹತ್ತಿರ ಬಂದಿತ್ತು. 1986ರಲ್ಲಿ ಅತಿ ಹತ್ತಿರ ಬಂದಾಗಲೂ ಆರು ಕೋಟಿ ದಾಟಿತ್ತು. ಸೂರ್ಯನನ್ನು ಸುತ್ತುವಾಗ ಅದು ಸೂರ್ಯನ ಆಚೆ, ನಾವು ಈಚೆ.

ಆರೂವರೆ ಹೊತ್ತಿಗೆ ಸೂರ್ಯ ಬಂದ. ಮಂಜಿನೊಳಗಿಂದ ಕೆಂಪಗೆ ಎದ್ದವನನ್ನು ನಾವು ನೋಡುತ್ತಿದ್ದರೆ, ಅಟೆಂಡರ್ "ಹಿಂದೆ ತಿರುಗಿ" ಎಂದ. ಪಶ್ಚಿಮದ ಹೊಲ, ತೋಪು, ಕೆರೆಗಳ ಮೇಲೆ ಇಡೀ ಶಿವಗಂಗೆಯ ನೆರಳು ತ್ರಿಕೋನವಾಗಿ ಮೈಲುಗಟ್ಟಲೆ ಬಿದ್ದಿತ್ತು. ನೋಡನೋಡುತ್ತ ಬೆಟ್ಟದ ಕಡೆಗೇ ಕುಗ್ಗುತ್ತ ಬಂತು. ಅದನ್ನೇ ನೋಡುತ್ತಾ ಮೈಮರೆತಾಗ ಕೋತಿಗಳು ಪುಳಿಯೋಗರೆ ಡಬ್ಬಿ ಎತ್ತಿಕೊಂಡು ಹೋದವು.

ಇಳಿಯುವಾಗ ಒಳಕಲ್ಲು ತೀರ್ಥ. ಬಂಡೆಯ ರಂಧ್ರದೊಳಗೆ ಕೈ ಇಳಿಬಿಟ್ಟರೆ ಪುಣ್ಯವಂತರಿಗೆ ನೀರು ಸಿಗುತ್ತದಂತೆ. ಕ್ಯಾಷಿಯರ್‌ಗೆ ತಕ್ಷಣ ಸಿಕ್ಕಿತು. ನನಗೆ ಮೂರನೇ ಸಲ.

ಮಧ್ಯಾಹ್ನ ಮನೆಗೆ ಬಂದಾಗ ಅಜ್ಜಿ ಜಗಲಿಯಲ್ಲೇ ಕಾದಿದ್ದಳು. "ಬಂದಿತ್ತಾ?"

"ಬಂದಿತ್ತಜ್ಜಿ."

"ಎಷ್ಟು ಉದ್ದ? ಕೈಯಲ್ಲಿ ತೋರಿಸು."

ದಾರಿಯುದ್ದಕ್ಕೂ ಇದನ್ನೇ ಯೋಚಿಸಿದ್ದೆ. ಎರಡೂ ಕೈ ಅಗಲಿಸಿದೆ, ಅವಳು ತೋರಿಸುತ್ತಿದ್ದಷ್ಟೇ. ಅವಳಿಗೆ ಕಾಣದಲ್ಲ, ಎದ್ದು ಬಂದು ನನ್ನ ಒಂದು ಅಂಗೈ ಮುಟ್ಟಿ, ತೋಳಿನ ಮೇಲೆ ಕೈಯಾಡಿಸುತ್ತಾ ಇನ್ನೊಂದು ಅಂಗೈವರೆಗೆ ಹೋದಳು. ಸುಮ್ಮನೆ ನಿಂತಳು. "ಬ್ಯಾಂಕಿನೋರು ಸುಳ್ಳು ಲೆಕ್ಕ ಬರೀಬಾರದು. ನಿಜ ಹೇಳು."

ಅವಳ ಎರಡು ಬೆರಳು ಹಿಡಿದು, "ಇಷ್ಟು" ಎಂದೆ. ಬೇಜಾರಾಗುತ್ತಾಳೆ ಎಂದುಕೊಂಡಿದ್ದೆ. ನಕ್ಕುಬಿಟ್ಟಳು. "ಪಾಪ, ಅದಕ್ಕೂ ವಯಸ್ಸಾಯ್ತಲ್ಲ! ಆದರೂ ಬಂತು ನೋಡು."

ಮುಂದಿನ ವರ್ಷ ಕಾರ್ತೀಕದಲ್ಲಿ ಅಜ್ಜಿ ಹೋದಳು.

ಹ್ಯಾಲಿ ಧೂಮಕೇತು 2023ರ ಡಿಸೆಂಬರಿನಲ್ಲಿ ತನ್ನ ದಾರಿಯ ಅತಿ ದೂರದ ತುದಿ ಮುಟ್ಟಿ, ಈಗ ನಮ್ಮ ಕಡೆಗೆ ತಿರುಗಿದೆ. ಅದು ಉದುರಿಸಿಹೋದ ಧೂಳು ಪ್ರತಿ ಅಕ್ಟೋಬರ್ ಮೂರನೇ ವಾರದಲ್ಲಿ ಉಲ್ಕೆಗಳಾಗಿ ಬೀಳುತ್ತದೆ. ಅದನ್ನು ಮೊಮ್ಮಗಳಿಗೆ ತೋರಿಸುತ್ತಾ ಈ ಕತೆ ಹೇಳಿದೆ. ಅವಳಿಗೆ ಒಂಬತ್ತು. 2061ರಲ್ಲಿ ಬಂದಾಗ ನಲವತ್ತೈದು ಎಂದು ತಾನೇ ಲೆಕ್ಕ ಹಾಕಿದಳು. ಈ ಸಲ ಅದು ಸೂರ್ಯನ ಹತ್ತಿರ ಬರುವಾಗ ನಮ್ಮ ಕಡೆಯಲ್ಲೇ ಇರುತ್ತದೆ, 1986ಕ್ಕಿಂತ ಚೆನ್ನಾಗಿ ಕಾಣುತ್ತದೆ ಎಂದೆ.

"ಯಾವ ತಿಂಗಳು ತಾತ?"

"ಜುಲೈ ಕೊನೆ."

"ಅಯ್ಯೋ, ಆಗ ಮಳೆ ಅಲ್ವಾ!"

ಹೌದಲ್ಲ, ನನಗೆ ಹೊಳೆದೇ ಇರಲಿಲ್ಲ.