ಇಪ್ಪತ್ತೊಂದು ಗಂಟೆಯ ಪಾಲು

ಮಗ್ರಿಬ್ ನಮಾಝ್ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಭಾಭಿಯ ಫೋನು ಬಂತು.

"ಯಾರೋ ಬೆಂಗಳೂರಿಂದ ಮಾತಾಡಿದ್ರು. ನಿನ್ನ ಭಾಯಿಜಾನ್‌ದು ರೆಸಾರ್ಟಿನ ಮೆಂಬರ್‌ಶಿಪ್ ಇದೆಯಲ್ಲ, ಅದಕ್ಕೆ ಗಿರಾಕಿ ಸಿಕ್ಕಿದ್ದಾರಂತೆ. ಮೂರು ಲಕ್ಷ ಕೊಡ್ತಾರಂತೆ. ಮೊದಲು ನಾವು ಹದಿನೆಂಟೂವರೆ ಸಾವಿರ ಕಟ್ಟಬೇಕಂತೆ, ತೆರಿಗೆ ಅಂತ. ಕಟ್ಟಲಾ?"

"ಕಟ್ಟಬೇಡಿ ಭಾಭಿ, ನಾನು ಬಂದೆ" ಎಂದು ಬಿಟ್ಟ ಚಪ್ಪಲಿಯನ್ನೇ ಮತ್ತೆ ಮೆಟ್ಟಿಕೊಂಡು ಹೊರಟೆ.

ಇದು 2022ರ ಚಳಿಗಾಲದ ಮಾತು. ಭಾಯಿಜಾನ್ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಕೊರೊನಾದ ಎರಡನೇ ಅಲೆ ಅವರನ್ನು ಹನ್ನೊಂದೇ ದಿನದಲ್ಲಿ ಕರೆದುಕೊಂಡು ಹೋಗಿತ್ತು. ತುಮಕೂರಿನ ಅಂಗಡಿ, ಮನೆ, ಬ್ಯಾಂಕಿನ ಖಾತೆ ಎಲ್ಲವೂ ಒಂದೊಂದಾಗಿ ಇತ್ಯರ್ಥವಾಗಿದ್ದವು. ಉಳಿದದ್ದು ಹಸಿರು ರಟ್ಟಿನ ಆ ಫೈಲೊಂದೇ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಬೆಚ್ಚಗಾಗುತ್ತಿತ್ತು. ಕಾರಣ ಮನೆಯವರಾರಿಗೂ ಗೊತ್ತಿಲ್ಲವೆಂದು ನಾನು ತಿಳಿದಿದ್ದೆ.

2009ರಲ್ಲಿ ಭಾಯಿಜಾನ್ ಬಿಡಿಭಾಗಗಳ ಖರೀದಿಗೆಂದು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿದ್ದಾಗ ಪೆಟ್ರೋಲ್ ಬಂಕೊಂದರಲ್ಲಿ ಕೂಪನ್ ತುಂಬಿದ್ದರು. ಹದಿನೈದು ದಿನಕ್ಕೆ ಬಹುಮಾನ ಬಂದಿದೆಯೆಂದು ಕರೆ ಬಂತು. ಗಂಡ ಹೆಂಡತಿ ಇಬ್ಬರೂ ಬರಬೇಕೆಂಬುದು ಷರತ್ತು. ಭಾಯಿಜಾನ್ ನನ್ನನ್ನೂ ಕರೆದುಕೊಂಡು ಹೋದರು. "ಇವನು ನನ್ನ ತಮ್ಮ, ಕಥೆ ಬರೀತಾನೆ. ಕಾಗದ ಪತ್ರ ಎಲ್ಲ ಇವನೇ ನೋಡ್ತಾನೆ" ಎಂದು ಹೋಟೆಲಿನ ಆ ತಣ್ಣನೆಯ ಹಾಲಿನಲ್ಲಿ ಟೈ ಕಟ್ಟಿದ ಹುಡುಗನಿಗೆ ಹೆಮ್ಮೆಯಿಂದ ಪರಿಚಯಿಸಿದರು.

ಹುಡುಗ ಮೂರು ಗಂಟೆ ಮಾತಾಡಿದ. ಮಡಿಕೇರಿಯ ಮಂಜು, ಊಟಿಯ ಕೆರೆ, ಗೋವಾದ ಸಮುದ್ರ ತೋರಿಸಿದ. ವರ್ಷಕ್ಕೆ ಏಳು ದಿನ, ಹೀಗೆ ಇಪ್ಪತ್ತೈದು ವರ್ಷ. ಎರಡೂವರೆ ಲಕ್ಷ ರೂಪಾಯಿ. ಊಟದಲ್ಲಿ ರಿಯಾಯಿತಿ, ವಿದೇಶದ ರೆಸಾರ್ಟುಗಳೊಂದಿಗೆ ವಿನಿಮಯ, ಬಳಸದ ದಿನಗಳನ್ನು ಮುಂದಿನ ವರ್ಷಕ್ಕೆ ಒಯ್ಯುವ ಅವಕಾಶ. "ಬೇಡವೆನಿಸಿದರೆ ಮಾರಿಬಿಡಿ ಸರ್, ಆಸ್ತಿ ಇದ್ದ ಹಾಗೆ" ಎಂದ. ಈ ಬೆಲೆ ಇವತ್ತಿಗೆ ಮಾತ್ರ ಎಂದ. ಆಮೇಲೆ ಸಣ್ಣ ಅಕ್ಷರದ ಇಂಗ್ಲಿಷ್ ಕರಾರನ್ನು ನನ್ನ ಮುಂದಿಟ್ಟ.

ನಾನು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದವನು. ಆಮೇಲೆ ಕನ್ನಡ ಮಾಧ್ಯಮ. ಇಂಗ್ಲಿಷಿನ ಪತ್ರಿಕೆ ಹೇಗೋ ಓದುತ್ತೇನೆ, ಆದರೆ ಕಾನೂನಿನ ಇಂಗ್ಲಿಷ್ ಬೇರೆಯೇ. ಹದಿನೆಂಟು ಪುಟ ತಿರುವಿ ಹಾಕಿದೆ. ನಡುವೆ ಎರಡು ಸಲ ತಲೆಯಾಡಿಸಿದೆ. ಅರ್ಥವಾಗಲಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. "ಸರಿಯಾಗಿದೆ ಭಾಯಿಜಾನ್" ಎಂದುಬಿಟ್ಟೆ. ಕಂತಿನಲ್ಲಿ ಬಡ್ಡಿ ಇರುತ್ತದೆಂದು ಅವರು ಎರಡೇ ಚೆಕ್ಕಿನಲ್ಲಿ ಪೂರ್ತಿ ಹಣ ಕೊಟ್ಟರು. ಬಹುಮಾನವೆಂದು ಸಿಕ್ಕಿದ್ದು ಒಂದು ಡಿನ್ನರ್ ಸೆಟ್.

ಅದು ಮೋಸವೇ ಆಗಿತ್ತೆಂದು ನಾನು ಹೇಳಲಾರೆ. ಭಾಯಿಜಾನರ ಮಕ್ಕಳು ಮಂಜು ನೋಡಿದ್ದು ಆ ಕಾಗದದಿಂದಲೇ. ವರ್ಷವಿಡೀ ಗ್ರೀಸು, ಬೇರಿಂಗು, ಬ್ರೇಕ್ ಶೂ ಎಂದು ಬದುಕಿದ ಮನುಷ್ಯ ಮಡಿಕೇರಿಯ ಆ ಬಾಲ್ಕನಿಯಲ್ಲಿ ಫಜರ್ ನಮಾಝ್ ಮುಗಿಸಿ ಒಂದು ಗಂಟೆ ಸುಮ್ಮನೆ ಕೂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಒಂಬತ್ತು ಸಾವಿರವಿದ್ದ ವಾರ್ಷಿಕ ಶುಲ್ಕ ಹದಿನೆಂಟು ಸಾವಿರ ದಾಟಿತು. 2020ರಲ್ಲಿ ಲಾಕ್‌ಡೌನ್ ಬಂತು, ಮರುವರ್ಷ ಭಾಯಿಜಾನ್ ಹೋದರು. ಎರಡು ವರ್ಷದ ಬಾಕಿ ಬೆಳೆಯಿತು. ಬಾಕಿ ತೀರುವವರೆಗೆ ಕೋಣೆ ಇಲ್ಲ.

ಅವತ್ತು ರಾತ್ರಿ ಫೈಲು ಬಿಚ್ಚಿ ಕೂತೆವು. ಮೊಹಲ್ಲಾದ ಮೌಲಾನಾ ಕೂಡ ಬಂದಿದ್ದರು. ವಾರಸಿನ ಲೆಕ್ಕ ಹಾಕಿಕೊಟ್ಟವರು ಅವರೇ: ಹೆಂಡತಿಗೆ ಎಂಟರಲ್ಲೊಂದು ಪಾಲು, ಉಳಿದದ್ದರಲ್ಲಿ ಒಬ್ಬ ಮಗನಿಗೆ ಅರ್ಧ, ಇಬ್ಬರು ಹೆಣ್ಣುಮಕ್ಕಳಿಗೆ ಅರ್ಧ. ಮಗ ತಮಾಷೆಗೆಂದು ಏಳು ದಿನವನ್ನು ಗಂಟೆ ಮಾಡಿ ಹಂಚಿದ. 168 ಗಂಟೆ. ಅಮ್ಮಿಗೆ 21 ಗಂಟೆ. ಅವನಿಗೆ ಎಪ್ಪತ್ಮೂರೂವರೆ. ತಂಗಿಯರಿಗೆ ತಲಾ 36 ಗಂಟೆ 45 ನಿಮಿಷ. "ಮಧ್ಯಾಹ್ನ ಎರಡಕ್ಕೆ ಕೋಣೆ ಕೊಡ್ತಾರೆ, ಮರುದಿನ ಹನ್ನೊಂದಕ್ಕೆ ಬಿಡಿಸ್ತಾರೆ. ಅಮ್ಮಿ, ನಿಮ್ಮ ಪಾಲು ಸರಿಯಾಗಿ ಒಂದು ರಾತ್ರಿ" ಎಂದ. ಎಲ್ಲರೂ ನಕ್ಕೆವು. ಭಾಭಿಯೂ ನಕ್ಕರು. ಆಮೇಲೆ ಎದ್ದು ಒಳಗೆ ಹೋದರು.

ಮೌಲಾನಾ ನಗಲಿಲ್ಲ. "ಇದು ನಮ್ಮವರಿಗೆ ಹೊಸದಲ್ಲ" ಎಂದರು. ಒಂದು ಮನೆಗೆ ಇಬ್ಬರು ಒಡೆಯರಿದ್ದು, ಗೋಡೆ ಹಾಕಿ ಭಾಗ ಮಾಡಲಾಗದಿದ್ದರೆ ಕಾಲವನ್ನೇ ಭಾಗ ಮಾಡುತ್ತಾರೆ. ಒಂದು ವರ್ಷ ಒಬ್ಬ, ಮರುವರ್ಷ ಇನ್ನೊಬ್ಬ. ಇದಕ್ಕೆ 'ಮುಹಾಯಾ' ಎಂದು ಹೆಸರು. ಉಸ್ಮಾನಿಯಾ ಸಾಮ್ರಾಜ್ಯದಲ್ಲಿ 1869ರಿಂದ 1876ರವರೆಗೆ ಸಿದ್ಧವಾದ 'ಮಜಲ್ಲಾ' ಎಂಬ ಕಾನೂನು ಸಂಹಿತೆಯಲ್ಲಿ ಇದರ ನಿಯಮಗಳಿವೆ. ನಮ್ಮ ಹಳ್ಳಿಗಳಲ್ಲಿ ಕೆರೆಯ ನೀರನ್ನು ನೀರುಗಂಟಿ ಸರದಿಯಂತೆ ಬಿಡುತ್ತಿದ್ದುದೂ ಇದೇ ಜಾತಿಯದು. "ಆದರೆ ಅಲ್ಲಿ ಸರದಿಯ ಕೆಳಗೆ ಮನೆ ಇರುತ್ತದೆ. ನಿಮ್ಮ ಅಣ್ಣನ ಸರದಿಯ ಕೆಳಗೆ ಏನಿದೆ?" ಎಂದು ಕೇಳಿದರು.

ಕಂಪನಿಗೆ ಪತ್ರ ಬರೆದು ತಿಳಿದುಕೊಂಡದ್ದು ಇಷ್ಟು. ಸದಸ್ಯತ್ವ ವಾರಸುದಾರರಲ್ಲಿ ಒಬ್ಬರ ಹೆಸರಿಗೆ ಮಾತ್ರ ಹೋಗಬಹುದು, ಬಾಕಿ ಸಮೇತ. ಹೊರಗಿನವರಿಗೆ ಮಾರಬೇಕಿದ್ದರೆ ಅನುಮತಿ ಬೇಕು, ವರ್ಗಾವಣೆ ಶುಲ್ಕ ಬೇಕು. ಕೊಂಡವನಿಗೆ ಕೋಣೆ ಸಿಗುತ್ತದೆ. ಊಟದ ರಿಯಾಯಿತಿ, ವಿದೇಶದ ವಿನಿಮಯ, ದಿನಗಳನ್ನು ಮುಂದೆ ಒಯ್ಯುವ ಅವಕಾಶ ಇವು 'ಮೂಲ ಸದಸ್ಯರಿಗೆ ಮಾತ್ರ'. ಹದಿನಾಲ್ಕನೆಯ ಪುಟದಲ್ಲಿ ಎಲ್ಲ ಬರೆದೇ ಇತ್ತು. 2009ರಲ್ಲಿ ನಾನು ತಲೆಯಾಡಿಸಿದ ಪುಟಗಳಲ್ಲಿ ಅದೂ ಒಂದು.

ಹಳೆಯ ಸ್ಕೂಟರ್ ಮಾರಿದರೆ, ಕೊಂಡವನು ಹಾರ್ನ್ ಒತ್ತುವಂತಿಲ್ಲ, ಹಿಂದೆ ಯಾರನ್ನೂ ಕೂರಿಸುವಂತಿಲ್ಲ ಎಂದು ಕಂಪನಿ ಹೇಳಿದರೆ ಹೇಗಿರುತ್ತದೆ?

ಅಕ್ಕನ ಮಗ ಫ್ಲೋರಿಡಾದಲ್ಲಿದ್ದಾನೆ. ಅವನನ್ನು ಕೇಳಿದೆ. "ಮಾಮು, ಇಲ್ಲೂ ಹೀಗೇ. ನಾನು ಡಿಸ್ನಿಯವರ ಪಾಯಿಂಟ್ಸ್ ಸೆಕೆಂಡ್ ಹ್ಯಾಂಡ್ ತಗೊಂಡೆ. ಏನು ಸಿಗಲ್ಲ ಅಂತ ಮೊದಲೇ ಗೊತ್ತಿದ್ದು ತಗೊಂಡೆ" ಎಂದ. ಡಿಸ್ನಿ ಸಂಸ್ಥೆಯ ರಜಾ ಕ್ಲಬ್ಬು 1991ರಲ್ಲಿ ಶುರುವಾದದ್ದು. ಅಲ್ಲಿ ಸದಸ್ಯರು ತಮ್ಮ ಪಾಯಿಂಟ್‌ಗಳನ್ನು ಮಾರಬಹುದು; ಆದರೆ ಅದೇ ಬೆಲೆಗೆ ಮೊದಲು ಕೊಳ್ಳುವ ಹಕ್ಕನ್ನು ಕಂಪನಿ ಇಟ್ಟುಕೊಂಡಿದೆ. 2011ರ ಮಾರ್ಚ್‌ನಿಂದ ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಪಾಯಿಂಟ್ ಕೊಟ್ಟು ಹಡಗಿನ ಪ್ರವಾಸ ಪಡೆಯುವ ಅವಕಾಶ ಹೋಯಿತು. 2016ರ ಏಪ್ರಿಲ್‌ನಿಂದ ಊಟ, ಟಿಕೆಟ್ಟುಗಳ ಮೇಲಿನ ರಿಯಾಯಿತಿ ಹೋಯಿತು. 2019ರ ಜನವರಿಯಿಂದ ಕೋಣೆಗೇ ಕೈ ಹಾಕಿದರು: ಹಳೆಯ 14 ರೆಸಾರ್ಟುಗಳ ಪಾಯಿಂಟನ್ನು ಆ ನಂತರ ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಆ ವರ್ಷವೇ ತೆರೆದ ರಿವಿಯೇರಾ ರೆಸಾರ್ಟಿನಲ್ಲಿ ಜಾಗವಿಲ್ಲ. ರಿವಿಯೇರಾದ ಪಾಯಿಂಟನ್ನು ಸೆಕೆಂಡ್ ಹ್ಯಾಂಡ್ ಕೊಂಡವರು ಅಲ್ಲಿ ಬಿಟ್ಟು ಬೇರೆಲ್ಲೂ ಬಳಸುವಂತಿಲ್ಲ.

ಮೊದಲು ಹೋದದ್ದು ಹಡಗು, ಆಮೇಲೆ ಊಟದ ರಿಯಾಯಿತಿ, ಕೊನೆಗೆ ಕೋಣೆ. ಈ ಕ್ರಮವನ್ನು ಗಮನಿಸಬೇಕು. ಅಂಚಿನ ಸವಲತ್ತಿನಿಂದ ಶುರುವಾದದ್ದು ನಡುಮನೆಗೆ ಬಂತು.

ಕಂಪನಿಗಳ ಮಾತಿನಲ್ಲೂ ಹುರುಳಿದೆ. ಹೊಸ ಸದಸ್ಯನನ್ನು ಹಿಡಿಯಲು ಹೋಟೆಲಿನ ಹಾಲು, ಟೈ ಕಟ್ಟಿದ ಹುಡುಗರು, ಡಿನ್ನರ್ ಸೆಟ್ಟು ಎಲ್ಲಕ್ಕೂ ಖರ್ಚಿದೆ. ಆ ಖರ್ಚು ಬೆಲೆಯೊಳಗೇ ಇರುತ್ತದೆ. ಹಳೆಯ ಸದಸ್ಯ ಅರ್ಧ ಬೆಲೆಗೆ ಎಲ್ಲ ಸವಲತ್ತು ಸಮೇತ ಮಾರುವುದಾದರೆ ಹೊಸದನ್ನು ಯಾರು ಕೊಳ್ಳುತ್ತಾರೆ? ಅದಕ್ಕೇ ಸವಲತ್ತನ್ನು ಕೋಣೆಗೆ ಕಟ್ಟದೆ ಮನುಷ್ಯನ ಹೆಸರಿಗೆ ಕಟ್ಟುತ್ತಾರೆ. ಪರಿಣಾಮ ಏನೆಂದರೆ, ಲಕ್ಷಗಟ್ಟಲೆ ಕೊಟ್ಟು ಕೊಂಡದ್ದು ಸಹಿ ಹಾಕಿದ ಮರುದಿನವೇ ಬೆಲೆ ಕಳೆದುಕೊಳ್ಳುತ್ತದೆ. ವಾರ್ಷಿಕ ಶುಲ್ಕದಿಂದ ತಪ್ಪಿಸಿಕೊಂಡರೆ ಸಾಕೆಂದು ಅಮೆರಿಕದಲ್ಲಿ ಒಂದು ಡಾಲರಿಗೆ ಮಾರಲಿಟ್ಟವರಿದ್ದಾರೆ.

ಮಾರಲಾಗದ ವಸ್ತುವಿನ ಸುತ್ತ ಹದ್ದುಗಳು ಸೇರುತ್ತವೆ. ಭಾಭಿಗೆ ಬಂದ ಕರೆ ಅಂಥದ್ದು. ಅವನ ನಂಬರಿಗೆ ನಾನು ಫೋನ್ ಮಾಡಿ, ನಿಮ್ಮ ಶುಲ್ಕವನ್ನು ಆ ಮೂರು ಲಕ್ಷದಲ್ಲೇ ಹಿಡಿದುಕೊಳ್ಳಿ ಎಂದೆ. ಆಮೇಲೆ ಅವನು ಫೋನ್ ಎತ್ತಲಿಲ್ಲ. ಇದೇನೂ ತುಮಕೂರಿಗೆ ಮಾತ್ರ ಬಂದ ಕಷ್ಟವಲ್ಲ. ಮೆಕ್ಸಿಕೋದ ಮಾದಕವಸ್ತು ದಂಧೆಯ ಗುಂಪೊಂದು ಟೈಮ್‌ಶೇರ್ ಹೊಂದಿದ ಅಮೆರಿಕದ ಮುದುಕರಿಗೆ ಹೀಗೆಯೇ ಕರೆ ಮಾಡಿ ದೋಚುತ್ತಿತ್ತೆಂದು 2023ರಲ್ಲಿ ಅಮೆರಿಕದ ಖಜಾನೆ ಇಲಾಖೆ ಅದಕ್ಕೆ ಸಂಬಂಧಿಸಿದವರ ಮೇಲೆ ನಿರ್ಬಂಧ ಹೇರಿತು.

ಈ ವ್ಯಾಪಾರಕ್ಕೆ ನಮಗಿಂತ ಮೊದಲು ಕಾನೂನು ಕಂಡುಕೊಂಡದ್ದು ಯುರೋಪು. ಹುಟ್ಟಿದ್ದೂ ಅಲ್ಲೇ, 1963ರಲ್ಲಿ ಸ್ವಿಟ್ಜರ್ಲೆಂಡಿನ ಹಪಿಮ್ಯಾಗ್ ಎಂಬ ಸಂಸ್ಥೆ ಇಂಥ ಹಂಚಿಕೆಯ ರಜೆಯನ್ನು ಶುರುಮಾಡಿತು. ಯುರೋಪಿಯನ್ ಒಕ್ಕೂಟದ 2008ರ ನಿಯಮ ಹೇಳುತ್ತದೆ: ಸಹಿ ಹಾಕಿದ ಮೇಲೂ 14 ದಿನದೊಳಗೆ ಕಾರಣ ಕೊಡದೆ ಕರಾರು ಬಿಡಬಹುದು. ಆ ದಿನಗಳಲ್ಲಿ ಮುಂಗಡ ಪಡೆಯುವಂತಿಲ್ಲ. ಮರುಮಾರಾಟ ಮಾಡಿಸಿಕೊಡುವ ದಲ್ಲಾಳಿ, ಮಾರಾಟ ನಡೆಯುವವರೆಗೆ ಒಂದು ಕಾಸನ್ನೂ ಮುಟ್ಟುವಂತಿಲ್ಲ. ಸ್ಪೇನಿನಲ್ಲಿ ಇಂಥ ಹಕ್ಕಿಗೆ 50 ವರ್ಷದ ಮಿತಿಯಿದೆ. ಕೊನೆಯಿಲ್ಲದ ಕರಾರುಗಳು ಊರ್ಜಿತವಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಹೇಳಿತು.

ಆ 2008ರ ನಿಯಮದಲ್ಲಿ ಇನ್ನೊಂದು ಮಾತಿದೆ. ಕರಾರು ಗ್ರಾಹಕ ವಾಸಿಸುವ ನಾಡಿನ ಅಥವಾ ಅವನ ತಾಯ್ನಾಡಿನ ಭಾಷೆಯಲ್ಲಿ, ಅವನ ಆಯ್ಕೆಯಂತೆ, ಇರಬೇಕು. ಇದನ್ನು ಓದಿದಾಗ ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ. ಕನ್ನಡದಲ್ಲೋ ಉರ್ದುವಿನಲ್ಲೋ ಆ ಹದಿನಾಲ್ಕನೆಯ ಪುಟ ಇದ್ದಿದ್ದರೆ ನನ್ನ ಅಣ್ಣನಿಗೆ ನಾನು ಬೇಕಾಗಿರಲಿಲ್ಲ. ಅವರೇ ಓದುತ್ತಿದ್ದರು.

ನಮ್ಮಲ್ಲಿ 2020ರ ಜುಲೈಯಿಂದ ಜಾರಿಯಾದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ಅನ್ಯಾಯದ ಕರಾರು' ಎಂಬ ಮಾತನ್ನು ಸೇರಿಸಿದೆ. ಗ್ರಾಹಕನ ಮೇಲೆ ಅತಿಯಾದ ಹೊರೆ ಹೊರಿಸುವ ಷರತ್ತನ್ನು ರಾಜ್ಯ ಆಯೋಗ ಅಥವಾ ರಾಷ್ಟ್ರೀಯ ಆಯೋಗ ರದ್ದು ಮಾಡಬಹುದು. ಇದು ಸಣ್ಣ ಬಾಗಿಲೇನಲ್ಲ. ಆದರೆ ಸಹಿ ಹಾಕಿದ ಮೇಲಿನ ಬಾಗಿಲು.

ಮುಂದೇನಾಗಬಹುದು? 25 ವರ್ಷದ ಜಾಗದಲ್ಲಿ 10 ವರ್ಷದ, 3 ವರ್ಷದ ಸದಸ್ಯತ್ವಗಳು ಈಗಾಗಲೇ ಬಂದಿವೆ. ವಾರದ ಜಾಗದಲ್ಲಿ ಪಾಯಿಂಟ್ ಬಂದಿದೆ. ಕೊಡಗಿನ ಹೋಂಸ್ಟೇ ಫೋನಿನಲ್ಲೇ ಸಿಗುವಾಗ ಸದಸ್ಯರನ್ನು ಉಳಿಸಿಕೊಳ್ಳಲು ಸವಲತ್ತುಗಳ ಪಟ್ಟಿ ಇನ್ನೂ ಉದ್ದವಾಗುತ್ತದೆ ಎಂದೇ ನನ್ನೆಣಿಕೆ. ಜೊತೆಗೆ ಅವು ಇನ್ನಷ್ಟು ಬಿಗಿಯಾಗಿ ಒಬ್ಬನ ಹೆಸರಿಗೆ ಅಂಟಿಕೊಳ್ಳುತ್ತವೆ. ಆಗಲಿ, ಅದನ್ನು ಸವಲತ್ತು ಎಂದೇ ಕರೆದು ಆ ಬೆಲೆಗೇ ಮಾರಲಿ. ಆಸ್ತಿ ಎಂದು ಹೇಳಿ ಮಾರಬಾರದು. ಮಾರಲು ಹೋದರೆ ಏನು ಉಳಿಯುತ್ತದೆ, ಸತ್ತರೆ ಮಕ್ಕಳಿಗೆ ಏನು ಹೋಗುತ್ತದೆ, ಬೇಡವೆಂದರೆ ಕಂಪನಿ ಎಷ್ಟಕ್ಕೆ ಹಿಂದೆ ಪಡೆಯುತ್ತದೆ ಎಂಬ ಮೂರು ಸಂಗತಿಗಳು ಮೊದಲ ಪುಟದಲ್ಲಿ, ಕೊಳ್ಳುವವನ ಭಾಷೆಯಲ್ಲಿ ಇರಬೇಕು. ವಾರಸುದಾರರಿಗೆ ಬೇಡವೆನ್ನುವ ಹಕ್ಕೂ ಬೇಕು. ಏಳು ದಿನದ ರಜೆ ಯಾರಿಗೂ ಸಾಲವಾಗಿ ಬರಬಾರದು.

ಒಂದು ಸಂಜೆ ಭಾಭಿಯ ಮುಂದೆ ಕೂತು ನಿಜ ಹೇಳಿದೆ. ಅವತ್ತು ನನಗೆ ಆ ಕಾಗದ ಅರ್ಥವಾಗಿರಲಿಲ್ಲ, ಅರ್ಥವಾದಂತೆ ನಟಿಸಿದೆ, ತಪ್ಪು ನನ್ನದು ಎಂದೆ.

ಅವರು ಅಕ್ಕಿ ಆರಿಸುತ್ತಿದ್ದರು. ತಲೆಯೆತ್ತದೆ ಹೇಳಿದರು: "ಅವರಿಗೆ ಗೊತ್ತಿತ್ತು. ಬಸ್ಸಿನಲ್ಲಿ ಬರುವಾಗಲೇ ಅಂದಿದ್ರು, ಪಾಪ, ಅವನಿಗೂ ತಿಳೀಲಿಲ್ಲ ಅಂತ."

"ಮತ್ತೆ ಸಹಿ ಯಾಕೆ ಹಾಕಿದ್ರು?"

"ಅಷ್ಟು ಹೊತ್ತಿಗೆ ಮಕ್ಕಳಿಗೆ ಮಾತು ಕೊಟ್ಟುಬಿಟ್ಟಿದ್ರು. ಆ ಟೈ ಹುಡುಗನ ಎದುರು ನಿನ್ನನ್ನ ಸಣ್ಣವನು ಮಾಡೋಕೂ ಅವರಿಗೆ ಇಷ್ಟ ಇರಲಿಲ್ಲ."

ನನಗೆ ಏನೂ ಹೇಳಲಾಗಲಿಲ್ಲ.

ಬಾಕಿ ಕಟ್ಟಿದೆವು. ಮಕ್ಕಳು ಮೂವರೂ ಒಪ್ಪಿಗೆ ಬರೆದುಕೊಟ್ಟು ಸದಸ್ಯತ್ವವನ್ನು ಅಮ್ಮಿಯ ಹೆಸರಿಗೆ ಮಾಡಿಸಿದರು. 2034ರವರೆಗೆ ಉಳಿದಿರುವ ವಾರ್ಷಿಕ ಶುಲ್ಕದಲ್ಲಿ ಅರ್ಧ ನನ್ನದು. ಇದನ್ನು ಯಾರೂ ಕೇಳಲಿಲ್ಲ, ನಾನೇ ಹಾಕಿಕೊಂಡ ದಂಡ. ಹಿಂದಿನ ಸಲ ಮಡಿಕೇರಿಗೆ ಹೋದಾಗ ಭಾಭಿ ಏಳು ದಿನ ಇರಲಿಲ್ಲ. ಮಧ್ಯಾಹ್ನ ಎರಡಕ್ಕೆ ಬಂದವರು ಮರುದಿನ ಫಜರ್ ಮುಗಿಸಿ ಆ ಬಾಲ್ಕನಿಯಲ್ಲಿ ಸ್ವಲ್ಪ ಹೊತ್ತು ಕೂತರು. ಹನ್ನೊಂದಕ್ಕೆ ಮುಂಚೆ ಚೀಲ ಕಟ್ಟಿದರು. ನನ್ನ ಪಾಲು ಮುಗಿಯಿತು, ಉಳಿದದ್ದು ಮಕ್ಕಳದು ಎಂದರು.