ಸಿಟಿ ಹಾಲ್ ಮೆಟ್ಟಿಲ ಮೇಲೆ ನಮ್ಮ ಮದುವೆ

ಸ್ಯಾನ್ ಫ್ರಾನ್ಸಿಸ್ಕೋ ಸಿಟಿ ಹಾಲ್ ಒಳಗೆ ಹೋದರೆ ಮೊದಲು ತಲೆ ಎತ್ತಿ ಗುಮ್ಮಟ ನೋಡಿ. 1915ರ ಕಟ್ಟಡ. 1954ರಲ್ಲಿ ಮರ್ಲಿನ್ ಮನ್ರೋ ಮದುವೆಯಾಗಿದ್ದು ಇಲ್ಲೇ. ನಾನೂ ಇಲ್ಲೇ ಆಗಿದ್ದು, ಎಂಎಸ್ ಓದುತ್ತಾ ಎಫ್-1 ವೀಸಾದಲ್ಲಿದ್ದಾಗ. ಹುಡುಗ ಅಮೆರಿಕನ್ ಸಿಟಿಜನ್. ಅಮೃತಶಿಲೆ ಮೆಟ್ಟಿಲ ಮೇಲೆ ಮೈಸೂರು ಸಿಲ್ಕ್ ಉಟ್ಟು ನಿಂತೆ, ಹತ್ತು ನಿಮಿಷದಲ್ಲಿ ಮುಗೀತು. ಗೆಳತಿ ಹಿಡಿದ ಫೋನಿನಲ್ಲಿ ಶಿವಮೊಗ್ಗದಿಂದ ಅಜ್ಜಿ, "ಅಷ್ಟೇನಾ?" ಅಂದ್ರು.

ಅಷ್ಟೇ ಎಲ್ಲಿ? ಆಮೇಲೆ ಐ-130, ಐ-485 ಒಟ್ಟಿಗೆ ಹಾಕಿದ್ವಿ. ಜೊತೆಗೆ ಅಡ್ವಾನ್ಸ್ ಪೆರೋಲ್. ಅದು ಕೈಗೆ ಬರೋ ಮುಂಚೆ ನನ್ನಂಥ ಎಫ್-1ನವರು ದೇಶ ಬಿಟ್ಟರೆ ಐ-485 ಕೈಬಿಟ್ಟ ಲೆಕ್ಕ. (ಎಚ್-1ಬಿ ಇದ್ದವರಿಗೆ ಆ ತೊಂದರೆ ಇಲ್ಲ, ಪುಣ್ಯವಂತರು.) ಅಜ್ಜಿ ಆಸ್ಪತ್ರೆ ಸೇರಿದ್ದು ಆ ನಡುವೆಯೇ. ದಿನಾ ರಾತ್ರಿ ಟಿಕೆಟ್ ನೋಡೋದು, ಫೋನ್ ಮುಚ್ಚಿಡೋದು. "ಬರ್ಬೇಡ ಪುಟ್ಟಿ, ಕಾಗ್ದ ಮುಗಿಸ್ಕೋ" ಅಂದ್ರು. ಹೋಗಲಿಲ್ಲ. ಅಜ್ಜಿ ಉಳಿಯಲಿಲ್ಲ.

ಇಂಟರ್‌ವ್ಯೂನಲ್ಲಿ ಆಫೀಸರ್ ಮದುವೆ ಫೋಟೋ ತಿರುವುತ್ತಾ, ನಿಮ್ಮ ಮನೆಯವರು ಯಾರೂ ಬಂದಿರಲಿಲ್ವಾ ಅಂತ ಕೇಳಿದರು. ಗೆಳತಿಯ ಕೈಲಿದ್ದ ಫೋನಿನ ಮೇಲೆ ಬೆರಳಿಟ್ಟು ತೋರಿಸಿದೆ.

ಮದುವೆಯಾಗಿ ಎರಡು ವರ್ಷ ತುಂಬಿರಲಿಲ್ಲವಾದ್ದರಿಂದ ಸಿಕ್ಕಿದ್ದು ಎರಡೇ ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಊರಿಂದ ಯಾರೇ ಬಂದರೂ ಈಗ ಆ ಮೆಟ್ಟಿಲಿಗೆ ಕರ್ಕೊಂಡು ಹೋಗ್ತೀನಿ.